ಡಿಸ್ನಿ ವರ್ಲ್ಡ್‌ಗೆ ಹೋಗೋಕೆ ಅಷ್ಟೊಂದು ಪ್ಲಾನ್ ಬೇಕಾ?

ಪ್ರಶ್ನೆ: ನಾವು ಅಟ್ಲಾಂಟಾದಲ್ಲಿದ್ದೇವೆ. ಸಾಗರದಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಎಲ್ಲರೂ ಸೇರಿ ಒರ್ಲ್ಯಾಂಡೊದ ಡಿಸ್ನಿ ವರ್ಲ್ಡ್‌ಗೆ ಹೋಗುವ ಯೋಚನೆ. ಮಗಳಿಗೆ 9 ವರ್ಷ, ಮಗನಿಗೆ ಎರಡೂವರೆ. ಗೆಳೆಯರು ಎರಡು ತಿಂಗಳ ಮೊದಲೇ ಗಂಟೆ ಗಂಟೆಗೂ ಪ್ಲಾನ್ ಮಾಡಿ, ಎಕ್ಸೆಲ್ ಶೀಟ್ ಹಾಕಿ ಅನ್ನುತ್ತಾರೆ. ನಿಜಕ್ಕೂ ಅಷ್ಟು ಬೇಕಾ? ಹೋಗಿ ಅಲ್ಲೇ ನೋಡಿಕೊಂಡರೆ ಆಗಲ್ವಾ?

ಉತ್ತರ: ಆಗಲ್ಲ. ಆದರೆ ಎಕ್ಸೆಲ್ ಶೀಟೂ ಬೇಡ. ಬೆಳಗಿನ ಹೊತ್ತಿಗೆ ಮಾತ್ರ ನಿಮಿಷದ ಲೆಕ್ಕ ಇಟ್ಟುಕೊಳ್ಳಿ. ಮಧ್ಯಾಹ್ನವನ್ನು ಖಾಲಿ ಬಿಡಿ.

ಯಾಕೆ ಅಂದರೆ, ಒಂದು ರೈಡ್ ಗಂಟೆಗೆ ಇಂತಿಷ್ಟೇ ಜನರನ್ನು ಹತ್ತಿಸಿಕೊಳ್ಳಬಲ್ಲದು. ಬೆಳಗ್ಗೆ 9ಕ್ಕೂ ಅಷ್ಟೇ, ಮಧ್ಯಾಹ್ನ 1ಕ್ಕೂ ಅಷ್ಟೇ. ಬದಲಾಗುವುದು ನಮ್ಮ ಮುಂದೆ ನಿಂತವರ ಲೆಕ್ಕ. ಡಿಸ್ನಿ ವರ್ಲ್ಡ್ ಅಂದರೆ ನಾಲ್ಕು ಪಾರ್ಕ್: ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್. ಅದರಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನ ಪೀಟರ್ ಪ್ಯಾನ್ ರೈಡ್ ನೋಡಿ. 1971ರಿಂದ ಇರುವ, ಮೂರು ನಿಮಿಷದಲ್ಲಿ ಮುಗಿಯುವ ಪುಟ್ಟ ರೈಡ್. ಒಂದು ಹಡಗಿನಲ್ಲಿ ಎರಡು ಮೂರು ಜನ ಕೂತರೆ ಭರ್ತಿ. ಹಾಗಾಗಿ ಕ್ಯೂ ಬೆಳೆಯುತ್ತಲೇ ಹೋಗುತ್ತದೆ. ಪೈರೇಟ್ಸ್ ರೈಡ್‌ನಲ್ಲಿ ದೊಡ್ಡ ದೋಣಿಗಳು, ಅಲ್ಲಿ ಉದ್ದ ಸಾಲೂ ಬೇಗ ಕರಗುತ್ತದೆ. ಪೀಟರ್ ಪ್ಯಾನ್ ಬೆಳಗ್ಗೆ, ಪೈರೇಟ್ಸ್ ಯಾವಾಗ ಬೇಕಾದರೂ. ಈ ವ್ಯತ್ಯಾಸ ತಿಳಿದರೆ ಅರ್ಧ ಪ್ಲಾನ್ ಮುಗಿದಂತೆ.

ಮೊದಲ ಸಲ ನಾವು ರೂಮಿನಲ್ಲೇ ಉಪ್ಪಿಟ್ಟು ಮಾಡಿ ತಿಂದು, ಎರಡೆರಡು ಸಲ ಕಾಫಿ ಕುಡಿದು, 11 ಗಂಟೆಗೆ ಒಳಗೆ ಕಾಲಿಟ್ಟಿದ್ದೆವು. ಸಂಜೆವರೆಗೆ ಐದು ರೈಡ್ ಆಯಿತು. ಎರಡನೇ ಸಲ ಗೇಟು ತೆಗೆಯುವ ಮೊದಲೇ ನಿಂತಿದ್ದೆವು. ಹತ್ತೂವರೆಗೆ ನಾಲ್ಕು ಮುಗಿದಿದ್ದವು!

ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋಗುವ ದಿನ ಇನ್ನೂ ಸ್ವಲ್ಪ ಬೇಗ ಹೊರಡಿ. ಅಲ್ಲಿ ಕಾರು ನಿಲ್ಲಿಸಿದ ಜಾಗದಿಂದ ಪಾರ್ಕ್ ದೂರ. ಬ್ಯಾಗ್ ತಪಾಸಣೆ ಮುಗಿಸಿ ಮೊನೊರೈಲ್ ಇಲ್ಲವೇ ದೊಡ್ಡ ದೋಣಿ ಹತ್ತಬೇಕು. ಇದಕ್ಕೇ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಊರಿಂದ ಬಂದ ಹಿರಿಯರು ಮೊದಲ ವಾರ ಹೇಗೂ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೂತಿರುತ್ತಾರೆ. ಜೆಟ್ ಲ್ಯಾಗ್ ಉಪಯೋಗಕ್ಕೆ ಬರುವ ಒಂದೇ ಜಾಗ ಇದು.

ಮುಂಚೆ ಮಾಡಬೇಕಾದ ಕೆಲಸ ಹೆಚ್ಚಿಲ್ಲ. ಮಿಕ್ಕಿ ಮೌಸ್ ಜೊತೆ ಕೂತು ಊಟ ಮಾಡಬೇಕು ಅಂತ ಮಗಳಿಗೆ ಆಸೆ ಇದ್ದರೆ 60 ದಿನ ಮೊದಲೇ ಟೇಬಲ್ ಬುಕ್ ಮಾಡಿ. ಇಲ್ಲದಿದ್ದರೆ ಅದನ್ನು ಮರೆತುಬಿಡಿ. ಲೈಟ್ನಿಂಗ್ ಲೇನ್ ಅಂದರೆ ದುಡ್ಡು ಕೊಟ್ಟು ಚಿಕ್ಕ ಕ್ಯೂನಲ್ಲಿ ಹೋಗುವ ವ್ಯವಸ್ಥೆ. ಡಿಸ್ನಿ ಹೋಟೆಲ್‌ಗಳಲ್ಲಿ ಉಳಿಯುವವರಿಗೆ 7 ದಿನ ಮೊದಲು, ಹೊರಗಿನವರಿಗೆ 3 ದಿನ ಮೊದಲು, ಬೆಳಗ್ಗೆ 7 ಗಂಟೆಗೆ ಅದರ ಬುಕ್ಕಿಂಗ್ ತೆರೆಯುತ್ತದೆ. ಆ ಹೊತ್ತಿಗೆ ಫೋನ್ ಕೈಯಲ್ಲಿರಲಿ. ಬೆಲೆ ದಿನಕ್ಕೊಂದು. ತಲೆಗಿಷ್ಟು ಅಂತ ಕೊಡಬೇಕಾದ್ದರಿಂದ ಮನೆಮಂದಿಗೆಲ್ಲ ಸೇರಿ ಚೆನ್ನಾಗಿಯೇ ಕೈ ಕಚ್ಚುತ್ತದೆ. ನನ್ನ ಪ್ರಕಾರ ಮ್ಯಾಜಿಕ್ ಕಿಂಗ್‌ಡಮ್, ಹಾಲಿವುಡ್ ಸ್ಟುಡಿಯೋಸ್ ಎರಡಕ್ಕೆ ಸಾಕು. ಅದೂ ರೈಡ್ ಹತ್ತುವವರಿಗೆ ಮಾತ್ರ. ಅಪ್ಪನಿಗೆ ಯಾಕೆ ಸುಮ್ನೆ?

ಟಿಕೆಟ್ ವಿಷಯದಲ್ಲಿ ಇಬ್ಬರು ಮಕ್ಕಳ ಹುಟ್ಟುಹಬ್ಬವನ್ನೂ ಕ್ಯಾಲೆಂಡರ್‌ನಲ್ಲಿ ನೋಡಿಕೊಳ್ಳಿ. 3 ತುಂಬದ ಮಗುವಿಗೆ ಟಿಕೆಟ್ ಬೇಡ. 10 ತುಂಬಿದರೆ ದೊಡ್ಡವರ ದರ. ನೀವು ಎರಡೂ ಗಡಿಯ ಹತ್ತಿರ ಇದ್ದೀರಿ.

ಹೊರಡುವ ಮುಂಚೆ ಮಗಳ ಎತ್ತರವನ್ನೂ ಅಳೆಯಿರಿ. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್ ರೈಡ್‌ಗೆ 38 ಇಂಚು ಸಾಕು, ಸ್ಪೇಸ್ ಮೌಂಟನ್‌ಗೆ 44 ಬೇಕು, ಟ್ರಾನ್‌ಗೆ 48. ಅರ್ಧ ಇಂಚು ಕಡಿಮೆ ಇದ್ದರೂ ಬಿಡುವುದಿಲ್ಲ. ಅಲ್ಲಿ ಕೋಲಿನ ಪಕ್ಕ ನಿಂತು ಅಳುವುದಕ್ಕಿಂತ ಮನೆಯಲ್ಲೇ ತಿಳಿದಿದ್ದರೆ ಒಳ್ಳೆಯದು. ಮಗನನ್ನು ಬಿಡದ ರೈಡ್‌ಗಳಲ್ಲಿ ರೈಡರ್ ಸ್ವಿಚ್ ಕೇಳಿ. ಒಬ್ಬರು ಹೋಗಿ ಬರುವ ತನಕ ಇನ್ನೊಬ್ಬರು ಮಗುವಿನ ಜೊತೆ ಇರುತ್ತಾರೆ. ಆಮೇಲೆ ಅವರು ಮತ್ತೆ ಅಷ್ಟುದ್ದದ ಕ್ಯೂ ನಿಲ್ಲದೆ ಹತ್ತಬಹುದು. ಅಜ್ಜಿ ಕೈಗೆ ಮಗು ಕೊಟ್ಟು ಇಬ್ಬರೂ ಒಟ್ಟಿಗೆ ಓಡಬಹುದು, ನಿಜ. ಆದರೆ ಅಜ್ಜಿ ಅಷ್ಟು ದೂರದಿಂದ ಬಂದಿರುವುದು ಸ್ಟ್ರೋಲರ್ ಕಾಯುವುದಕ್ಕಲ್ಲ, ಅಲ್ವಾ?

ಊಟಕ್ಕೆ ಚಿಂತೆ ಬೇಡ. ಹೊರಗಿನ ತಿಂಡಿ ಒಳಗೆ ಒಯ್ಯಬಹುದು. ಗಾಜಿನ ಡಬ್ಬಿ ಮಾತ್ರ ಬೇಡ. ಮೊಸರನ್ನಕ್ಕೆ ಬಿಡಿ ಐಸ್ ಬದಲು ಐಸ್ ಪ್ಯಾಕ್ ಇಡಿ. ಪುಳಿಯೋಗರೆ, ಚಪಾತಿ-ಚಟ್ನಿಪುಡಿ ಇದ್ದರೆ ಮಧ್ಯಾಹ್ನ ಕಳೆಯಿತು. ಅಲ್ಲಿನ ಕೌಂಟರ್‌ಗಳಲ್ಲಿ ಕೇಳಿದರೆ ತಣ್ಣೀರು ಪುಕ್ಕಟೆ ಕೊಡುತ್ತಾರೆ. ಮೆನುವಿನಲ್ಲಿ ಎಲೆಯ ಗುರುತು ಇರುವ ತಿಂಡಿಯಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಮೊಟ್ಟೆ ಮುಟ್ಟದ ಹಿರಿಯರಿಗೆ ಈ ಗುರುತು ತೋರಿಸಿಕೊಟ್ಟರೆ ಸಾಕು.

ಇನ್ನು ಖಾಲಿ ಬಿಡಿ ಅಂದ ಮಧ್ಯಾಹ್ನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಲೋರಿಡಾದಲ್ಲಿ ಮಧ್ಯಾಹ್ನದ ಮೇಲೆ ಆಗಾಗ ಗುಡುಗು-ಮಳೆ. ಮಿಂಚು ಕಂಡರೆ ಹೊರಗಿನ ರೈಡ್‌ಗಳು ನಿಲ್ಲುತ್ತವೆ. ಕ್ಯೂ ಜಾಸ್ತಿ, ಸೆಕೆ ಜಾಸ್ತಿ, ಮಗುವಿಗೆ ನಿದ್ದೆಯ ಹೊತ್ತು. ರೂಮಿಗೆ ಹೋಗಿ ಮಲಗಿ, ಐದಕ್ಕೆ ವಾಪಸ್ ಬನ್ನಿ. ಅದಕ್ಕೇ ಹೇಳುವುದು, ಉಳಿಯುವ ಜಾಗ ಹತ್ತಿರ ಇರಲಿ. ಪಕ್ಕದ ಊರು ಕಿಸಿಮಿಯಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆಗಳು ಸಿಗುತ್ತವೆ. ಆರು ಜನರಿಗೆ ಅವು ಅನುಕೂಲವೇ. ಆದರೆ ಡಿಸ್ನಿ ಹೋಟೆಲ್‌ನವರನ್ನು ಬೆಳಗ್ಗೆ ಅರ್ಧ ಗಂಟೆ ಮೊದಲೇ ಒಳಗೆ ಬಿಡುತ್ತಾರೆ. ಆ ಅರ್ಧ ಗಂಟೆ ಇಲ್ಲಿ ಕೈತಪ್ಪುತ್ತದೆ. ಅಡುಗೆಮನೆಯೋ ಅರ್ಧ ಗಂಟೆಯೋ, ಇದನ್ನು ಮನೆಯವರೇ ಕೂತು ತೀರ್ಮಾನಿಸಬೇಕು. ನಮ್ಮ ಮನೆಯಲ್ಲಿ ಪ್ರತಿ ಸಲವೂ ಅಡುಗೆಮನೆಯೇ ಗೆಲ್ಲುತ್ತದೆ.

ನಾಲ್ಕು ಪಾರ್ಕ್ ಇವೆ ಅಂತ ನಾಲ್ಕು ದಿನ ಸತತವಾಗಿ ಓಡಬೇಡಿ. ಹಿರಿಯರ ಮಂಡಿ ಕೇಳುವುದಿಲ್ಲ. ಎರಡು ದಿನ ಓಡಾಡಿ, ಒಂದು ದಿನ ಸುಮ್ಮನಿರಿ. ವೀಲ್‌ಚೇರ್ ಗೇಟಿನ ಹತ್ತಿರವೇ ಬಾಡಿಗೆಗೆ ಸಿಗುತ್ತದೆ. ಮೊದಲು ಬಂದವರಿಗೆ ಮೊದಲು. ಎಪ್ಕಾಟ್‌ನಲ್ಲಿ ಕೆರೆ ಸುತ್ತ 11 ದೇಶಗಳ ಮಂಟಪಗಳಿವೆ. ಒಂದು ಸುತ್ತು ಬಂದರೆ ಸುಮಾರು 2 ಕಿಲೋಮೀಟರ್. ಅಲ್ಲಿ ವೀಲ್‌ಚೇರ್ ಬೇಕೇ ಬೇಕಾಗುತ್ತದೆ. ಅಂದಹಾಗೆ, ಆ 11ರಲ್ಲಿ ಭಾರತ ಇಲ್ಲ. ಮಗಳು ಹುಡುಕುತ್ತಾಳೆ, ಮೊದಲೇ ಹೇಳಿಬಿಡಿ.

ಅಪ್ಪ-ಅಮ್ಮನಿಗೆ ಒಂದೇ ದಿನ ಅಂತಾದರೆ ಅನಿಮಲ್ ಕಿಂಗ್‌ಡಮ್ ಆರಿಸಿ. ತೆರೆದ ವಾಹನದಲ್ಲಿ ಕೂತು ಜಿರಾಫೆ, ಆನೆ, ಸಿಂಹ ನೋಡುವ ಸಫಾರಿ ಇದೆ. ಬೆಳಗ್ಗೆಯೇ ಹೋದರೆ ಬಿಸಿಲೂ ಕಡಿಮೆ. ಅದು ಮುಗಿಸಿ ಏಷ್ಯಾ ಭಾಗಕ್ಕೆ ನಡೆದರೆ ಹುಲಿಗಳಿರುವ ಕಾಲುದಾರಿ. ಆ ಕಾಲುದಾರಿ ಇರುವುದು ಡಿಸ್ನಿಯವರು ಕಟ್ಟಿಸಿದ ಒಂದು ಕಾಲ್ಪನಿಕ ಊರಿನಲ್ಲಿ. ಆ ಊರಿನ ಹೆಸರು ಆನಂದಪುರ. ಸಾಗರದವರಿಗೆ ಆನಂದಪುರ ಅಂದರೆ ಶಿವಮೊಗ್ಗ ರಸ್ತೆಯಲ್ಲಿ ಸಿಗುವ ಊರು. ನಿಮ್ಮ ಅಪ್ಪ ಆ ಬೋರ್ಡ್ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳದೆ ಮುಂದೆ ಹೋಗುವುದಿಲ್ಲ. ಅದಕ್ಕೂ ಹತ್ತು ನಿಮಿಷ ಇಟ್ಟುಕೊಳ್ಳಿ.