ಪದ ಪರಿಚಯ: ಪ್ರಾಶಸ್ತ್ಯ ಮತ

ವಿಧಾನ ಪರಿಷತ್ತಿನ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದ ಚುನಾವಣೆ ಮುಗಿದರೆ ‘ಎರಡನೇ ಪ್ರಾಶಸ್ತ್ಯದ ಮತ ಎಣಿಕೆ ಶುರು’ ಅಂತ ಸುದ್ದಿ ಬರುತ್ತದೆ. ಎಣಿಕೆ ಕೆಲವೊಮ್ಮೆ ಮಾರನೇ ದಿನಕ್ಕೂ ಹೋಗುತ್ತದೆ. ಮೊದಲನೇ ಸಲ ಎಣಿಸಿದ್ದು ಸಾಕಾಗಲಿಲ್ವಾ ಅಂತ ಕೇಳುವವರಿದ್ದಾರೆ. ಸಾಕಾಗಿರುವುದಿಲ್ಲ, ಅದಕ್ಕೇ ಮತ್ತೆ ಎಣಿಸುತ್ತಾರೆ.

ಈ ಚುನಾವಣೆಯಲ್ಲಿ ಇವಿಎಂ ಇಲ್ಲ, ಕಾಗದದ ಮತಪತ್ರ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಬರೆಯಬೇಕು. ನಿಮಗೆ ಎಲ್ಲರಿಗಿಂತ ಇಷ್ಟವಾದ ಅಭ್ಯರ್ಥಿಯ ಹೆಸರಿನ ಮುಂದೆ 1, ನಂತರದವರಿಗೆ 2, ಆಮೇಲೆ 3. ಹೀಗೆ ಅಂಕಿಯಲ್ಲಿ ತಿಳಿಸುವ ಆಯ್ಕೆಯ ಕ್ರಮವೇ ಪ್ರಾಶಸ್ತ್ಯ. ಕನ್ನಡ ಅಂಕಿ ೧, ೨ ಕೂಡ ನಡೆಯುತ್ತದೆ. ‘ಒಂದು’ ಅಂತ ಅಕ್ಷರದಲ್ಲಿ ಬರೆಯುವಂತಿಲ್ಲ, ಟಿಕ್ ಹಾಕುವಂತಿಲ್ಲ. 1 ಬರೆಯದೆ ಬಿಟ್ಟರೆ, ಅಥವಾ ಇಬ್ಬರಿಗೆ 1 ಕೊಟ್ಟರೆ ಮತ ಅಸಿಂಧು. ಪದವೀಧರರದೇ ಚುನಾವಣೆಯಾದರೂ ಹೀಗೆ ಹಾಳಾಗುವ ಮತಗಳು ಇದ್ದೇ ಇರುತ್ತವೆ! 2, 3 ಬರೆಯುವುದು ನಿಮ್ಮ ಇಷ್ಟ.

ಗೆಲ್ಲಲು ಸಿಂಧು ಮತಗಳ ಅರ್ಧಕ್ಕಿಂತ ಒಂದು ಜಾಸ್ತಿ ಬೇಕು. ಇದೇ ಕೋಟಾ. ಯಾರೂ ಮುಟ್ಟದಿದ್ದರೆ ಎಲ್ಲರಿಗಿಂತ ಕಡಿಮೆ ಮತ ಪಡೆದವರನ್ನು ಕಣದಿಂದ ಕೈಬಿಡುತ್ತಾರೆ. ಅವರ ಮತಪತ್ರಗಳಲ್ಲಿ 2 ಯಾರ ಮುಂದಿದೆಯೋ ಅವರಿಗೆ ಆ ಮತ ಸೇರುತ್ತದೆ. ಆ ಅಭ್ಯರ್ಥಿಯೂ ಆಗಲೇ ಹೊರಬಿದ್ದಿದ್ದರೆ 3 ನೋಡುತ್ತಾರೆ. ಮುಂದೆ ಅಂಕಿಯೇ ಇಲ್ಲದ ಮತಪತ್ರ ಅಲ್ಲಿಗೇ ನಿಲ್ಲುತ್ತದೆ.

1969ರ ರಾಷ್ಟ್ರಪತಿ ಚುನಾವಣೆ ಇದಕ್ಕೆ ಒಳ್ಳೆಯ ಉದಾಹರಣೆ. ಕೋಟಾ 4,18,169. (ಇದು ತಲೆ ಲೆಕ್ಕವಲ್ಲ, ಸಂಸದ, ಶಾಸಕರ ಮತಗಳಿಗಿರುವ ಮೌಲ್ಯದ ಲೆಕ್ಕ.) ಮೊದಲ ಸುತ್ತಿನಲ್ಲಿ ವಿ.ವಿ. ಗಿರಿ ಅವರಿಗೆ 4,01,515, ನೀಲಂ ಸಂಜೀವ ರೆಡ್ಡಿ ಅವರಿಗೆ 3,13,548, ಸಿ.ಡಿ. ದೇಶಮುಖ್ ಅವರಿಗೆ 1,12,769. ರೆಡ್ಡಿಯವರು ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ. ದೇಶಮುಖರ ಹಿಂದೆ ಇದ್ದದ್ದು ಸ್ವತಂತ್ರ ಪಕ್ಷ ಮತ್ತು ಜನಸಂಘ. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಮ್ಮ ಎಸ್. ನಿಜಲಿಂಗಪ್ಪನವರು ಆ ಎರಡು ಪಕ್ಷಗಳ ಬಳಿ ಹೋಗಿ ರೆಡ್ಡಿಯವರಿಗೆ ಎರಡನೇ ಪ್ರಾಶಸ್ತ್ಯ ಕೇಳಿದ್ದರು. ಇಂದಿರಾ ಗಾಂಧಿ ಬಣ ಸಿಡಿದೆದ್ದು ‘ಆತ್ಮಸಾಕ್ಷಿಯ ಮತ’ (ಪಕ್ಷ ಹೇಳಿದಂತಲ್ಲ, ಮನಸ್ಸು ಹೇಳಿದಂತೆ ಹಾಕುವ ಮತ) ಎಂದದ್ದಕ್ಕೆ ಇದೂ ಒಂದು ಕಾರಣ.

ಕೇಳಿದ್ದಕ್ಕೆ ಫಲ ಸಿಕ್ಕಿತು. ದೇಶಮುಖರೂ ಹೊರಬಿದ್ದ ಮೇಲೆ ನೋಡಿದರೆ, ವರ್ಗವಾಗಿ ಬಂದ ಮತಗಳಲ್ಲಿ ರೆಡ್ಡಿಯವರಿಗೆ 91,879, ಗಿರಿಯವರಿಗೆ ಬರೀ 18,562. ಆದರೆ ಗಿರಿಯವರಿಗೆ ಬೇಕಿದ್ದದ್ದೇ 16,654. ಅವರು 4,20,077ಕ್ಕೆ ಮುಟ್ಟಿ ರಾಷ್ಟ್ರಪತಿಯಾದರು. ರೆಡ್ಡಿ 4,05,427ಕ್ಕೆ ನಿಂತರು.

ಪ್ರಚಾರದ ವೇಳೆ ‘ನಮಗೆ 1 ಹಾಕಿ, ಬೇರೆ ಯಾರಿಗೂ ಏನೂ ಬರೀಬೇಡಿ’ ಎನ್ನುವವರು ಸಿಗುತ್ತಾರೆ. 2 ಬರೆದರೆ ನಮ್ಮವರಿಗೇ ಹೊಡೆತ ಎಂಬ ಭಯ. ಒಂದೇ ಸೀಟಿನ ಚುನಾವಣೆಯಲ್ಲಿ ಇದಕ್ಕೆ ಅರ್ಥವಿಲ್ಲ. ನಿಮ್ಮ ಮೊದಲ ಆಯ್ಕೆ ಕಣದಲ್ಲಿರುವ ತನಕ 2ರ ಕಡೆ ಯಾರೂ ಕಣ್ಣೆತ್ತಿಯೂ ನೋಡುವುದಿಲ್ಲ. ಅದು ಅರ್ಧ ಮತವೂ ಅಲ್ಲ, ಬೋನಸ್ ಮತವೂ ಅಲ್ಲ. ಬರೆಯದೆ ಬಿಟ್ಟರೆ ನಷ್ಟ ನಿಮಗೇ, ಅಭ್ಯರ್ಥಿಗಲ್ಲ.

ರಾಜ್ಯಸಭೆಗೆ ಒಮ್ಮೆಗೇ ನಾಲ್ಕು ಸೀಟು ಇದ್ದಾಗ ಲೆಕ್ಕ ಸ್ವಲ್ಪ ಬೇರೆ. ಪ್ರತಿ ಮತಕ್ಕೆ 100 ಮೌಲ್ಯ. 224 ಶಾಸಕರೂ ಸರಿಯಾಗಿ ಮತ ಹಾಕಿದರೆ 22,400. ಅದನ್ನು ಸೀಟಿಗಿಂತ ಒಂದು ಜಾಸ್ತಿ, ಅಂದರೆ 5ರಿಂದ ಭಾಗಿಸಿ, 1 ಕೂಡಿಸಿ: 4,481. ಶಾಸಕರ ಲೆಕ್ಕದಲ್ಲಿ 45 ಮತ ಬೇಕು. ಯಾರಿಗಾದರೂ 50 ಬಂದರೆ 519 ಮೌಲ್ಯ ಹೆಚ್ಚುವರಿ. ಆ 50 ಮತಪತ್ರಗಳಲ್ಲೂ 2 ಇದ್ದರೆ, ಎಲ್ಲವೂ ಎರಡನೇ ಆಯ್ಕೆಗೆ ಹೋಗುತ್ತವೆ, ಆದರೆ ತಲಾ 10 ಮೌಲ್ಯದಲ್ಲಿ ಮಾತ್ರ. ಉಳಿದ ಚಿಲ್ಲರೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.