ಜೋಲು ರೆಪ್ಪೆಗೆ ತೊಡೆಯ ನಾರುಪಟ್ಟಿ: ಶತಮಾನ ದಾಟಿದ ವಿಧಾನದ ಹಿನ್ನೆಲೆ

ಹುಟ್ಟಿನಿಂದಲೇ ಮೇಲಿನ ರೆಪ್ಪೆ ಜೋತುಬಿದ್ದಿರುವ ಮಕ್ಕಳಲ್ಲಿ ರೆಪ್ಪೆಯನ್ನು ಎತ್ತುವ ಲಿವೇಟರ್ ಸ್ನಾಯು ಸಾಮಾನ್ಯವಾಗಿ ಸರಿಯಾಗಿ ಬೆಳೆದಿರುವುದಿಲ್ಲ. ಸ್ನಾಯುವಿನ ಎಳೆಗಳಿರಬೇಕಾದಲ್ಲಿ ನಾರು ಮತ್ತು ಕೊಬ್ಬು ತುಂಬಿಕೊಂಡಿರುತ್ತವೆ. ವೈದ್ಯರು ಟೋಸಿಸ್ ಎನ್ನುವ ಈ ತೊಂದರೆಯಲ್ಲಿ ಸ್ನಾಯುವಿಗೆ ತಕ್ಕಷ್ಟು ಬಲ ಉಳಿದಿದ್ದರೆ ಅದನ್ನೇ ಮೊಟಕುಗೊಳಿಸಿ ಬಿಗಿ ಮಾಡಬಹುದು. ಆದರೆ ದೃಷ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಹೊರಳಿಸಿದಾಗ ರೆಪ್ಪೆ 4 ಮಿಲಿಮೀಟರಿನಷ್ಟೂ ಏಳದಿದ್ದರೆ ಆ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. ಅಂಥ ಮಕ್ಕಳು ಹುಬ್ಬು ಏರಿಸಿ, ಗಲ್ಲ ಎತ್ತಿ ಲೋಕವನ್ನು ನೋಡುತ್ತಾರೆ. ಹುಬ್ಬನ್ನು ಏರಿಸುವ ಹಣೆಯ ಸ್ನಾಯುವಿಗೂ ರೆಪ್ಪೆಗೂ ನಡುವೆ ಒಂದು ಕೊಂಡಿ ಹಾಕಿದರೆ ಎರಡೂ ಒಟ್ಟಿಗೆ ಏಳುತ್ತವೆ ಎಂಬುದೇ ಈ ಶಸ್ತ್ರಚಿಕಿತ್ಸೆಯ ತಿರುಳು.

ಕೊಂಡಿ ಯಾವುದರಿಂದ ಆಗಬೇಕು ಎಂಬುದೇ ಮುಂದಿನ ಇತಿಹಾಸ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊಲಿಗೆಯ ದಾರಗಳನ್ನೇ ಬಳಸಿ ನೋಡಲಾಯಿತು. 1909ರಲ್ಲಿ ಎರ್ವಿನ್ ಪೇಯರ್ ಎಂಬ ಶಸ್ತ್ರವೈದ್ಯರು, ತೊಡೆಯ ಸ್ನಾಯುಗಳನ್ನು ಬಿಗಿಯಾದ ಚಲ್ಲಣದಂತೆ ಸುತ್ತಿಕೊಂಡಿರುವ ಫೇಷಿಯಾ ಲೇಟಾ ಎಂಬ ಗಟ್ಟಿ ಪೊರೆಯಿಂದ ಪಟ್ಟಿ ತೆಗೆದು ರೆಪ್ಪೆಗೆ ಜೋಡಿಸಿದ್ದನ್ನು ವರದಿ ಮಾಡಿದರು. ರೋಗಿಯದೇ ಅಂಗಾಂಶವಾದ್ದರಿಂದ ದೇಹ ಅದನ್ನು ಪರಕೀಯವೆಂದು ತಿರಸ್ಕರಿಸುವುದಿಲ್ಲ. ಅದು ಸುತ್ತಲಿನ ಅಂಗಾಂಶದೊಡನೆ ಬೆಸೆದುಕೊಂಡು ವರ್ಷಗಟ್ಟಲೆ ಭಾರ ಹೊರುತ್ತದೆ. ಈ ಪಟ್ಟಿಯನ್ನು ಜೋಡಿಸಲು 1956ರಲ್ಲಿ ಟೊರಾಂಟೊದ ಕಣ್ಣಿನ ವೈದ್ಯ ಜಾನ್ ಕ್ರಾಫರ್ಡ್ ಪ್ರಕಟಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ.

ಪಟ್ಟಿ ತೆಗೆಯುವ ಕೆಲಸ ಓದುವುದಕ್ಕೆ ಭಯ ಹುಟ್ಟಿಸಿದರೂ ಗಾಯ ಚಿಕ್ಕದು. ಮೊಣಕಾಲಿನ ಮೇಲೆ, ತೊಡೆಯ ಹೊರಬದಿಯಲ್ಲಿ, ಎರಡು ಮೂರು ಸೆಂಟಿಮೀಟರ್ ಉದ್ದಕ್ಕೆ ಚರ್ಮವನ್ನು ಸೀಳಿ, ಕೊಬ್ಬನ್ನು ಸರಿಸಿದರೆ ಬಿಳಿಯಾಗಿ ಹೊಳೆಯುವ ಪೊರೆ ಕಾಣುತ್ತದೆ. ಅದರಲ್ಲಿ ಸುಮಾರು ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಬಿಡಿಸಿ, ಅದರ ತುದಿಯನ್ನು ಸ್ಟ್ರಿಪ್ಪರ್ ಎಂಬ ಉಪಕರಣಕ್ಕೆ ಪೋಣಿಸಿ, ಉಪಕರಣವನ್ನು ಚರ್ಮದಡಿಯಲ್ಲೇ ಸೊಂಟದ ಕಡೆಗೆ ತಳ್ಳಿ, ಬೇಕಾದಷ್ಟು ಉದ್ದಕ್ಕೆ ಕತ್ತರಿಸುತ್ತಾರೆ. ಸ್ಟ್ರಿಪ್ಪರ್ ಇಲ್ಲದಿದ್ದರೆ ಅಷ್ಟುದ್ದದ ಪಟ್ಟಿಗಾಗಿ ತೊಡೆಯನ್ನೇ ಉದ್ದಕ್ಕೆ ಸೀಳಬೇಕಾಗುತ್ತಿತ್ತು. ಬಳಿಕ ಪಟ್ಟಿಯನ್ನು ಎರಡು ಮೂರು ಮಿಲಿಮೀಟರಿನ ಎಳೆಗಳಾಗಿ ಸೀಳಿ ರೆಪ್ಪೆಯಿಂದ ಹುಬ್ಬಿನ ಮೇಲಿನವರೆಗೆ ಹಾಯಿಸುತ್ತಾರೆ.

ಕಾಲೂ ಬೆಲೆ ತೆರುತ್ತದೆ. ಕೆಲವು ದಿನ ನಡೆಯುವಾಗ ನೋವು, ಮಾಸದ ಕಲೆ, ಒಮ್ಮೊಮ್ಮೆ ರಕ್ತ ಹೆಪ್ಪುಗಟ್ಟುವುದು, ಪೊರೆ ತೆಗೆದ ಕಡೆ ಸ್ನಾಯು ಉಬ್ಬುವುದು ಇವೆಲ್ಲ ಆಗಬಹುದು. ಕಣ್ಣಿನ ಆಪರೇಷನ್ನಿಗೆಂದು ಬಂದ ತಂದೆತಾಯಿಗೆ ಇದನ್ನು ಮೊದಲೇ ಬಿಡಿಸಿ ಹೇಳುವುದು ವೈದ್ಯರ ಕರ್ತವ್ಯವೆಂದೇ ನಾನು ಭಾವಿಸುತ್ತೇನೆ.

ಈ ನೋವನ್ನು ತಪ್ಪಿಸಲೆಂದೇ ಮೃತ ದಾನಿಗಳ ಸಂಸ್ಕರಿಸಿದ ಪೊರೆ, ನೈಲಾನ್, 1960ರ ದಶಕದಿಂದ ಸಿಲಿಕಾನ್ ಎಳೆ ಬಳಕೆಗೆ ಬಂದವು. ಇವುಗಳಲ್ಲಿ ರೆಪ್ಪೆ ಮತ್ತೆ ಇಳಿಯುವ ಸಾಧ್ಯತೆ ಸ್ವಂತ ಪೊರೆಗಿಂತ ಸಾಮಾನ್ಯವಾಗಿ ಹೆಚ್ಚು. ಆದರೂ ಸುಮಾರು ಮೂರು ವರ್ಷದೊಳಗಿನ ಮಗುವಿನ ತೊಡೆಯಲ್ಲಿ ಸಾಕಷ್ಟು ಉದ್ದದ ಪಟ್ಟಿ ಸಿಗುವುದು ಕಷ್ಟ. ಕಣ್ಣಪಾಪೆ ಮುಚ್ಚಿಹೋಗಿದ್ದರೆ ಅಲ್ಲಿಯವರೆಗೆ ಕಾಯುವಂತೆಯೂ ಇಲ್ಲ, ಏಕೆಂದರೆ ಎಳವೆಯಲ್ಲಿ ಬಳಕೆಯಾಗದ ಕಣ್ಣಿನಿಂದ ನೋಡುವುದನ್ನು ಮಿದುಳು ಕಲಿಯುವುದೇ ಇಲ್ಲ. ಆದ್ದರಿಂದ ಅಂಥ ಮಕ್ಕಳಿಗೆ ಮೊದಲು ಸಿಲಿಕಾನ್ ಎಳೆ ಹಾಕಿ, ಮುಂದೆ ರೆಪ್ಪೆ ಮತ್ತೆ ಇಳಿದರೆ ತೊಡೆಯ ಪೊರೆಯನ್ನು ಬಳಸುವುದುಂಟು.