ಜಾಯಿನಿಂಗ್ ಲೆಟರ್ ಬಂದ ಮೇಲೆ ಓಡಲು ಶುರು ಮಾಡಬೇಡಿ

ಮಾರ್ಚ್ ಮತ್ತು ಸೆಪ್ಟೆಂಬರ್ ಬಂತೆಂದರೆ ಮೈಸೂರಿನ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಒಂದೇ ಬಗೆಯ ಹುಡುಗರು ಕುಂಟುತ್ತಾ ಬರುತ್ತಾರೆ. ಸೇನೆಯ ಅಧಿಕಾರಿಗಳನ್ನು ತಯಾರು ಮಾಡುವ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಲ್ಲಿ (ಓಟಿಎ) ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಹೊಸ ಕೋರ್ಸ್ ಶುರುವಾಗುತ್ತದೆ. ಎಸ್‌ಎಸ್‌ಬಿ ಅನ್ನುವ ಸೇನಾ ಆಯ್ಕೆ ಮಂಡಳಿಯ ಐದು ದಿನದ ಪರೀಕ್ಷೆ ದಾಟಿದವರು, ಮೆಡಿಕಲ್ ಪಾಸಾದವರು, ಮೆರಿಟ್ ಪಟ್ಟಿಯಲ್ಲಿ ಹೆಸರು ಬಂದವರು ಇವರು. ಹೊರಡುವುದಕ್ಕೆ ಮೂರೋ ನಾಲ್ಕೋ ವಾರ ಇರುವಾಗ ಮೊಣಕಾಲಿನ ಕೆಳಗಿನ ಮುಂದಿನ ಮೂಳೆಯನ್ನು ಹಿಡಿದುಕೊಂಡು ನನ್ನೆದುರು ಕೂರುತ್ತಾರೆ. ಅವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಡೆದಿರುವುದು ಪ್ರತಿಸಲವೂ ಅದೇ. ಲೆಟರ್ ಬರುವವರೆಗೆ ಓದು, ಇಂಟರ್‌ವ್ಯೂ ಅಂತ ಕೂತಿರುತ್ತಾರೆ. ಲೆಟರ್ ಬಂದ ಮಾರನೇ ದಿನದಿಂದ ರಿಂಗ್ ರೋಡ್ ಮೇಲೆ ದಿನಕ್ಕೆ ಹತ್ತು ಕಿಲೋಮೀಟರ್. ಸಂಜೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಓಡುತ್ತಲೇ ಇಳಿಯುವುದು. ಕೆಲವರು ಹೊಸ ಚರ್ಮದ ಬೂಟು ಹಾಕಿಕೊಂಡೇ ಓಡುತ್ತಾರೆ, 'ಅಭ್ಯಾಸ ಆಗಲಿ' ಅಂತ.

ಹೋದ ವರ್ಷ ಒಬ್ಬ ಹುಡುಗ ತಂದೆಯ ಜೊತೆ ಬಂದಿದ್ದ. "ಎಲ್ಲಿ ನೋವು ತೋರ್ಸಪ್ಪಾ" ಅಂದೆ. ಒಂದೇ ಬೆರಳನ್ನು ಒಂದೇ ಜಾಗದ ಮೇಲೆ ಇಟ್ಟ. ನನಗೆ ಅಲ್ಲೇ ಭಯವಾಯಿತು. ಮೂಳೆಯ ಉದ್ದಕ್ಕೂ ಅಂಗೈ ಸವರಿ ತೋರಿಸುವ ನೋವು ಸಾಮಾನ್ಯವಾಗಿ ಅಷ್ಟು ಗಂಭೀರವಲ್ಲ. ಬೆರಳಿಟ್ಟು ತೋರಿಸುವ ನೋವು ಮೂಳೆಯ ಸಣ್ಣ ಬಿರುಕಾಗಿರಬಹುದು. ಇದು ಅನುಮಾನ ಮಾತ್ರ, ಖಚಿತ ಮಾಡಬೇಕಾದವರು ಮೂಳೆ ಡಾಕ್ಟರು.

"ಎಕ್ಸ್‌ರೇ ನಾರ್ಮಲ್ ಇದೆ ಮೇಡಂ. ಉಸಿರೂ ಕಟ್ಟಲ್ಲ, ಹತ್ತು ಕಿಲೋಮೀಟರ್ ಆರಾಮಾಗಿ ಓಡ್ತೀನಿ" ಅಂದ ಹುಡುಗ.

ಎಲ್ಲರೂ ಎಡವುವುದು ಈ ಮಾತಿನಲ್ಲೇ. ಹೃದಯ, ಶ್ವಾಸಕೋಶ ಬೇಗ ಕಲಿಯುತ್ತವೆ. ಮೂರು ನಾಲ್ಕು ವಾರದಲ್ಲಿ ಏದುಸಿರು ಕಡಿಮೆಯಾಗುತ್ತದೆ. ಮಾಂಸಖಂಡವೂ ಬೇಗ ಹೊಂದಿಕೊಳ್ಳುತ್ತದೆ. ಮೂಳೆ ಹಾಗಲ್ಲ. ಹೊಸ ಭಾರ ಬಿದ್ದಾಗ ಅದು ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿ ತೆಗೆಯುತ್ತದೆ. ಆಮೇಲೆ ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ತೆಗೆಯುವ ಕೆಲಸಕ್ಕೆ ಕೆಲವೇ ವಾರ ಸಾಕು. ಕಟ್ಟಿ ಗಟ್ಟಿ ಮಾಡುವುದಕ್ಕೆ ತಿಂಗಳುಗಳು ಬೇಕು. ಅಂದರೆ ಓಟ ಶುರು ಮಾಡಿದ ಒಂದು ತಿಂಗಳ ಸುಮಾರಿಗೆ ಮೂಳೆ ಮೊದಲಿಗಿಂತ ದುರ್ಬಲವಾಗಿರಬಹುದು. ಅದೇ ಹೊತ್ತಿಗೆ ಉಸಿರು ಪಳಗಿ 'ಇನ್ನೂ ಓಡು' ಅನ್ನುತ್ತಿರುತ್ತದೆ. ಬಿರುಕು ಬಿಡುವುದು ಆಗಲೇ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೇ ಇರುವುದು ಮಾಮೂಲು.

ಹುಡುಗನಿಗೆ ಇದು ಇಳಿಯಲಿಲ್ಲ. ತಂದೆ ಗಾರೆ ಮೇಸ್ತ್ರಿ. ಅವರನ್ನೇ ಕೇಳಿದೆ: "ಯಜಮಾನ್ರೇ, ಮೋಲ್ಡ್ ಹಾಕಿದ ಮೇಲೆ ಸೆಂಟ್ರಿಂಗ್ ಎಷ್ಟು ದಿನಕ್ಕೆ ಬಿಚ್ತೀರಿ?"

"ಇಪ್ಪತ್ತೊಂದು ದಿನ ಬಿಡ್ತೀವಿ ಮೇಡಂ. ದಿನಾ ನೀರು ಕಟ್ಟಬೇಕು."

"ಆರನೇ ದಿನಕ್ಕೇ ಸೆಂಟ್ರಿಂಗ್ ಬಿಚ್ಚಿ ಮೇಲೆ ಒಂದು ಲೋಡ್ ಇಟ್ಟಿಗೆ ಇಳಿಸಿದ್ರೆ?"

ಅವರು ಮಾತಾಡಲಿಲ್ಲ. ಮಗನ ಕಾಲನ್ನೇ ನೋಡುತ್ತಾ ಕೂತರು. ಎಂಆರ್‌ಐ ಮಾಡಿಸಿದಾಗ ಬಿರುಕು ಕಾಣಿಸಿತು.

ಇದು ಹೊಸ ಕಾಯಿಲೆಯೇನಲ್ಲ. ದಂಡಿನಲ್ಲಿ ದೂರದೂರ ಮಾರ್ಚ್ ಮಾಡುವ, ಅಂದರೆ ಹೆಜ್ಜೆ ಹಾಕಿ ನಡೆಯುವ ಸೈನಿಕರ ಪಾದ ಊದಿ ನೋಯುವುದನ್ನು 1855ರಲ್ಲೇ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ ಬರೆದಿಟ್ಟಿದ್ದರು. ಇವತ್ತಿಗೂ ಪಾದದ ಇಂಥ ಬಿರುಕಿಗೆ ಮಾರ್ಚ್ ಫ್ರಾಕ್ಚರ್ ಅನ್ನುತ್ತಾರೆ. ಅಕಾಡೆಮಿಗೆ ಹೋದ ಮೇಲೆ ಹೊರೆ ಇನ್ನೂ ಜಾಸ್ತಿ. ಬೆಳಿಗ್ಗೆ ಪಿಟಿ, ಆಮೇಲೆ ಹಿಮ್ಮಡಿ ಬಡಿಯುವ ಡ್ರಿಲ್, ತಪ್ಪು ಮಾಡಿದರೆ ರಗಡಾ, ಅಂದರೆ ಮೈ ದಂಡಿಸುವ ಶಿಕ್ಷೆ. ಬಿರುಕು ಬಿಟ್ಟ ಕಾಲಿನಲ್ಲಿ ಅಲ್ಲಿಗೆ ಹೋದರೆ ವಾರಗಟ್ಟಲೆ ತರಬೇತಿ ತಪ್ಪುತ್ತದೆ. ಜಾಸ್ತಿ ತಪ್ಪಿದರೆ ರೆಲಿಗೇಷನ್, ಅಂದರೆ ನಿಮ್ಮ ನಂತರ ಬಂದ ಬ್ಯಾಚಿಗೆ ಇಳಿಯಬೇಕು.

ನಿಮಗೆ ಸಮಯವಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸೇನಾ ಅಧಿಕಾರಿಗಳ ಆಯ್ಕೆಗೆ ನಡೆಯುವ ಸಿಡಿಎಸ್ ಲಿಖಿತ ಪರೀಕ್ಷೆಯನ್ನು ಏಪ್ರಿಲ್‌ನಲ್ಲಿ ಬರೆದವರ ಓಟಿಎ ಕೋರ್ಸ್ ಸಾಮಾನ್ಯವಾಗಿ ಮುಂದಿನ ವರ್ಷದ ಏಪ್ರಿಲ್‌ನಲ್ಲಿ. ಕೈಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಇರುತ್ತದೆ! ಪರೀಕ್ಷೆ ಬರೆದ ವಾರವೇ ಶುರು ಮಾಡಿ. ಆಯ್ಕೆಯಾಗದಿದ್ದರೂ ಆ ಮೈಕಟ್ಟು ಎಲ್ಲಿಗೂ ಹೋಗುವುದಿಲ್ಲ.

ವಾರಕ್ಕೆ ನಾಲ್ಕು ದಿನ ಓಟ ಸಾಕು. ಆದಷ್ಟು ಮಣ್ಣಿನ ದಾರಿ ಹಿಡಿಯಿರಿ, ನಮ್ಮೂರಲ್ಲಾದರೆ ಕುಕ್ಕರಹಳ್ಳಿ ಕೆರೆ ಏರಿ ಇದೆ. ಮೊದಲ ತಿಂಗಳು ಸ್ವಲ್ಪ ಓಟ, ಸ್ವಲ್ಪ ನಡಿಗೆ. ಮೂರು ವಾರ ನಿಧಾನವಾಗಿ ಏರಿಸಿ, ನಾಲ್ಕನೇ ವಾರ ಇಳಿಸಿ. ಆ ಇಳಿಸಿದ ವಾರವನ್ನು ಸೋಮಾರಿತನ ಅಂದುಕೊಳ್ಳಬೇಡಿ, ಮೂಳೆಗೆ ಕಟ್ಟಿಕೊಳ್ಳಲು ಬಿಡುವು ಸಿಗುವುದು ಆಗಲೇ. ಬೂಟನ್ನು ಮೊದಲು ನಡಿಗೆಗೆ ಮಾತ್ರ ಹಾಕಿ. ನೋವಿನ ಮಾತ್ರೆ ನುಂಗಿ ಮಾತ್ರ ಓಡಬೇಡಿ, ದಯವಿಟ್ಟು.

ಹೆಣ್ಣುಮಕ್ಕಳಿಗೆ ಒಂದು ಮಾತು. ಓಟ ಹೆಚ್ಚಿಸಿದ ಮೇಲೆ ಮುಟ್ಟು ತಪ್ಪುತ್ತಿದ್ದರೆ ಸುಮ್ನೆ ಬಿಡಬೇಡಿ. ಊಟ ಸಾಲುತ್ತಿಲ್ಲ ಅಂತ ದೇಹ ಹೇಳುತ್ತಿರಬಹುದು, ಮೂಳೆಯೂ ಅದರಿಂದ ಸೊರಗುತ್ತದೆ. ಡಾಕ್ಟರಿಗೆ ತೋರಿಸಿ.

ಆ ಹುಡುಗನಿಗೆ ಆ ಕೋರ್ಸ್ ಕೈತಪ್ಪಿತು. ವಯಸ್ಸಿತ್ತು, ಮತ್ತೆ ಪರೀಕ್ಷೆ ಬರೆದ. ಡಾಕ್ಟರು ಓಡಬಹುದು ಅಂದ ಮೇಲೆ ಈಗ ಬೆಳಿಗ್ಗೆ ಕೆರೆ ಏರಿಯ ಮೇಲೆ ಸಿಗುತ್ತಾನೆ. ಕೆಲಸಕ್ಕೆ ಹೋಗುವ ಮೊದಲು ಅವರಪ್ಪ ಕಲ್ಲುಬೆಂಚಿನ ಮೇಲೆ ಕೂತಿರುತ್ತಾರೆ. ಮೊನ್ನೆ ಅವನು ಇನ್ನೊಂದು ಸುತ್ತು ಅಂತ ಹೊರಟಾಗ ಅವರು ಎದ್ದು ನಿಂತು ಕೂಗಿದರು: "ಸಾಕು ಬಾರೋ, ಇವತ್ತಿನದು ಮುಗೀತು!"